ಬಾವಿ ತೋಡಿಸಿದ ವರ್ಷ ಯಾವುದು?

ಪಾಸ್‌ವರ್ಡ್ ಅವಧಿ ಮುಗಿದಿದೆ, ಹೊಸದು ಕೊಡಿ ಅಂತ ಬ್ಯಾಂಕಿನ ವೆಬ್‌ಸೈಟು ಇವತ್ತು ಬೆಳಿಗ್ಗೆ ಮತ್ತೆ ತಗಾದೆ ತೆಗೆಯಿತು. ಹಾಲಿನ ಪ್ಯಾಕೆಟ್ಟಿಗೆ ಎಕ್ಸ್‌ಪೈರಿ ಇರುವುದು ಸರಿ, ಪಾಸ್‌ವರ್ಡ್ ಏನು ಹುಳಿಯಾಗುತ್ತದಾ? 90 ದಿನಕ್ಕೊಮ್ಮೆ ಬದಲಾಯಿಸಬೇಕಂತೆ. ದೊಡ್ಡಕ್ಷರ ಬೇಕು, ಅಂಕಿ ಬೇಕು, ಚಿಹ್ನೆ ಬೇಕು, ಹಳೆಯದರ ನೆರಳೂ ಬೀಳಬಾರದು.

ಈ ಕಾಟಕ್ಕೆ ಮೂಲಪುರುಷರೊಬ್ಬರಿದ್ದಾರೆ. ತಂತ್ರಜ್ಞಾನಕ್ಕೆ ಮಾನದಂಡ ಹಾಕಿಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್‌ಗಾಗಿ 2003ರಲ್ಲಿ ಇಂಥ ಸಲಹೆಗಳನ್ನು ಬರೆದುಕೊಟ್ಟ ಬಿಲ್ ಬರ್. ನಿವೃತ್ತರಾದ ಮೇಲೆ, 2017ರಲ್ಲಿ, ಬರೆಯಬಾರದಿತ್ತು ಅಂತ ಅವರೇ ಪೇಚಾಡಿದರು. ಸೋರಿಕೆಯಾದ ಸುಳಿವಿಲ್ಲದೆ ಸುಮ್ನೆ ಬದಲಾಯಿಸಲು ಜನರನ್ನು ಪೀಡಿಸಬೇಡಿ ಅಂತ ಅದೇ ವರ್ಷ ನಿಸ್ಟ್ ಕೂಡ ಹೇಳಿತು. ನಮ್ಮ ಬ್ಯಾಂಕಿಗೆ ಆ ಸುದ್ದಿಯನ್ನು ಸಾದಾ ಅಂಚೆಯಲ್ಲಿ ಕಳಿಸಿರಬೇಕು.

ನಂದು ಹೇಗೋ ನಡೆಯುತ್ತೆ. ನಿಜವಾದ ಪಜೀತಿ ನಮ್ಮ ಮಾವನದ್ದು. ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು, ಪೆನ್ಷನ್ ಬಂತಾ ಅಂತ ಫೋನಿನಲ್ಲಿ ನೋಡದಿದ್ದರೆ ಕಾಫಿ ರುಚಿಸುವುದಿಲ್ಲ. ಪಾಸ್‌ವರ್ಡುಗಳೆಲ್ಲ ಅಡುಗೆಮನೆ ಕ್ಯಾಲೆಂಡರಿನ ಹಿಂಬದಿಯಲ್ಲಿ. ಆದರೆ ನೇರವಾಗಿ ಬರೆಯುವಷ್ಟು ದಡ್ಡರಲ್ಲ ಅವರು. ಒಗಟಿನಲ್ಲಿ ಬರೆಯುತ್ತಾರೆ. ಬ್ಯಾಂಕಿನ ಮುಂದೆ ಹೀಗಿತ್ತು: ‘ದೊಡ್ಡ ಹಸು, ಬಾವಿ ತೋಡಿಸಿದ ವರ್ಷ, ಕೊನೆಗೆ ಬೇಲಿ.’ ಬೇಲಿ ಅಂದರೆ ಹ್ಯಾಶ್ ಚಿಹ್ನೆ, ಅದು ಬೇಗ ಹೊಳೆಯಿತು. ಹಸು ಗೌರಿ.

"ಗೌರಿಗೆ ಡಬ್ಲ್ಯೂ ಹಾಕಿದ್ರಾ, ಯು ಹಾಕಿದ್ರಾ ಮಾವ?"

"ಹಸುವಿಗೆ ಯಾವ ಸ್ಪೆಲ್ಲಿಂಗಮ್ಮ? ಕರೆದ್ರೆ ಬರ್ತಿತ್ತು."

ಇನ್ನು ಬಾವಿ. ತಿಪಟೂರಿನ ಹತ್ತಿರದ ತೋಟದ ಬಾವಿ ಅದು. ಮಾವ 1986 ಅಂದರು. ಮೈಸೂರಿನ ಭಾವನಿಗೆ ಫೋನ್ ಮಾಡಿದರೆ, ಇಲ್ಲ, ನಾನಾಗ ಏಳನೇ ಕ್ಲಾಸು, 87 ಅಂದರು. ಚಿಕ್ಕತ್ತೆಯದು ಬೇರೆಯೇ ವಾದ: ನನ್ನ ಮದುವೆಗೆ ಅದೇ ಬಾವಿ ನೀರಲ್ಲಿ ಅಡುಗೆ ಮಾಡಿದ್ದು, ನನ್ನ ಮದುವೆ 85. ಹಾಗಾದರೆ ದುಡ್ಡು ಕೊಟ್ಟಿದ್ದು ಯಾರು ಅನ್ನುವಲ್ಲಿಗೆ ಮಾತು ಹೋಯಿತು. ಯಾರೋ ಮಾಡಿದ ಸಾಲ ಮೂವತ್ತೈದು ನಲವತ್ತು ವರ್ಷ ಬಿಟ್ಟು ಎದ್ದು ಕೂತಿತು. ಅಷ್ಟರಲ್ಲಿ ಒಂದೊಂದೇ ಇಸವಿ ಒತ್ತಿ ನೋಡುತ್ತಿದ್ದ ಮಾವನ ಅಕೌಂಟ್ ಲಾಕ್ ಆಯಿತು. ಫ್ಯಾಮಿಲಿ ಗ್ರೂಪಿನಲ್ಲಿ ಮಾತ್ರ ಮಧ್ಯಾಹ್ನದವರೆಗೂ ಬಾವಿ ತೋಡುತ್ತಲೇ ಇದ್ದರು.

ಎಲ್ಲ ಪಾಸ್‌ವರ್ಡುಗಳನ್ನೂ ಒಂದೇ ಬೀಗದೊಳಗೆ ಇಟ್ಟುಕೊಳ್ಳುವ ಆ್ಯಪ್, ಪಾಸ್‌ವರ್ಡ್ ಮ್ಯಾನೇಜರ್, ಹಾಕಿಕೊಡುತ್ತೇನೆ, ಇದೆಲ್ಲ ಬೇಡ ಅಂದೆ. ಬಿಟ್‌ವಾರ್ಡನ್ ಆರಿಸಿದೆ. ಪುಕ್ಕಟೆ ಸಿಗುತ್ತೆ, ಫೋನು ಕಂಪ್ಯೂಟರು ಎರಡರಲ್ಲೂ ನಡೆಯುತ್ತೆ, ಒಳಗಿನ ಕೋಡ್ ಯಾರು ಬೇಕಾದರೂ ತೆಗೆದು ನೋಡಬಹುದು. ಕೀಪಾಸ್ ಅನ್ನೋ ಇನ್ನೊಂದು ಮ್ಯಾನೇಜರ್ ಆದರೆ ಪಾಸ್‌ವರ್ಡುಗಳ ಫೈಲು ನಮ್ಮ ಹತ್ತಿರವೇ ಇರುತ್ತೆ. ಆದರೆ ನಮ್ಮನೆಯಲ್ಲಿ ಕನ್ನಡಕವೇ ಇಟ್ಟ ಕಡೆ ಸಿಗುವುದಿಲ್ಲ.

"ಎಲ್ಲಾ ಒಂದೇ ಪೆಟ್ಟಿಗೇಲಿ ಇಟ್ರೆ ಕಳ್ಳನಿಗೆ ಸುಲಭ ಅಲ್ವಾ?" ಮೇಷ್ಟ್ರ ಪ್ರಶ್ನೆ ಮೇಷ್ಟ್ರದ್ದೇ. 2022ರಲ್ಲಿ ಲಾಸ್ಟ್‌ಪಾಸ್ ಅನ್ನೋ ಇಂಥದೇ ಮ್ಯಾನೇಜರ್ ಕಂಪನಿಯಿಂದ ಜನರ ಪೆಟ್ಟಿಗೆಗಳ ಬ್ಯಾಕಪ್ ಕದ್ದದ್ದೂ ಹೌದು. ಪಾಸ್‌ವರ್ಡುಗಳಿಗೆ ಬೀಗ ಇತ್ತು, ಆದರೆ ಪೆಟ್ಟಿಗೆ ತೆಗೆಯುವ ಆ ಒಂದು ಮಾಸ್ಟರ್ ಪಾಸ್‌ವರ್ಡನ್ನು ಸಡಿಲವಾಗಿ ಇಟ್ಟವರ ಬೀಗವನ್ನು ಕಳ್ಳರು ಕೂತಲ್ಲೇ ಊಹಿಸುತ್ತಾ ತೆಗೆಯಬಹುದು. ಅದಕ್ಕೇ ಅದೊಂದು ಉದ್ದ ಇರಲಿ, ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದ ಸಾಕು, ಮರೆತರೆ ಕಂಪನಿಯವರಿಗೂ ಗೊತ್ತಿರಲ್ಲ ಅಂತ ವಿವರಿಸಿದೆ. ಇ-ಆಧಾರ್ ಫೈಲಿನ ಥರ ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ಇಸವಿ ಅಲ್ಲ. ಅದನ್ನು ಜೆರಾಕ್ಸ್ ಅಂಗಡಿ ಹುಡುಗ ಮುಖ ನೋಡಿಯೇ ಒತ್ತುತ್ತಾನೆ.

ಕ್ಯಾಲೆಂಡರಿನ ಒಗಟುಗಳನ್ನೆಲ್ಲ ಬಿಡಿಸಿ ಒಳಗೆ ತುಂಬುತ್ತಾ ಹೋದೆವು. ಗ್ಯಾಸ್, ಕರೆಂಟು, ಮನೆ ಕಂದಾಯ. ಹಳೇ ಇಮೇಲ್ ಒಂದರ ಮುಂದೆ ‘ಅವಳ ಓಲೆ ಮಾಡಿಸಿದ ವರ್ಷ’ ಅಂತಿತ್ತು. ಮಾವ ಸ್ವಲ್ಪ ಹೊತ್ತು ನೋಡಿದರು. "ಇದನ್ನ ಅವಳನ್ನೇ ಕೇಳಬೇಕಿತ್ತು," ಅಂದರು. ಅತ್ತೆ ಹೋಗಿ ಎರಡು ದೀಪಾವಳಿ ಆಯಿತು. ಆ ಸಾಲನ್ನು ಹಾಗೇ ಬಿಟ್ಟು ಮುಂದಿನದಕ್ಕೆ ಹೋದೆ.

ಅಕೌಂಟ್ ಲಾಕ್ ಬಿಟ್ಟ ಮೇಲೆ ಹೊಸ ಮ್ಯಾನೇಜರ್ ಜಂಬದಿಂದ ಇಪ್ಪತ್ತು ಅಕ್ಷರದ ಪಾಸ್‌ವರ್ಡ್ ಹೆತ್ತುಕೊಟ್ಟಿತು. ಬ್ಯಾಂಕು ಹನ್ನೆರಡಕ್ಕಿಂತ ಜಾಸ್ತಿ ಬೇಡ ಅಂದಿತು. ಹನ್ನೆರಡು ಮಾಡಿದೆವು. ಪೇಸ್ಟ್ ಮಾಡುವಂತಿಲ್ಲ ಅಂದಿತು! ಕೊನೆಗೆ ನಾನು ಓದುವುದು, ಇಡೀ ಬೀದಿಗೆ ಕೇಳುವ ಹಾಗೆ, ಮಾವ ಒಂದೇ ಬೆರಳಲ್ಲಿ ಒತ್ತುವುದು. "ಸಣ್ಣ ಎಲ್ಲೋ ದೊಡ್ಡ ಐಯೋ?" "ಸೊನ್ನೆಯೋ ಓ ಅಕ್ಷರವೋ?" ಮುಗಿಯುವಷ್ಟರಲ್ಲಿ ಸೆಷನ್ನೇ ಮುಗಿದಿತ್ತು.

ಮಾವ ಚಪ್ಪಲಿ ಮೆಟ್ಟಿ, ಪಾಸ್‌ಬುಕ್ ಹಿಡಿದು ಬ್ರಾಂಚಿಗೇ ಹೊರಟರು. ಎಂಟ್ರಿ ಮಾಡಿಸಿ ಬಂದವರ ಮುಖದಲ್ಲಿ ಭಾರೀ ನಗು. "ಕೌಂಟರಿನ ಹುಡುಗಿ ಪಾಸ್‌ವರ್ಡ್ ಚೀಟೀನ ಮಾನಿಟರಿಗೇ ಅಂಟಿಸ್ಕೊಂಡಿದಾಳಮ್ಮ. ಒಗಟೂ ಇಲ್ಲ, ಏನೂ ಇಲ್ಲ. ಅಕ್ಷರ ಮಾತ್ರ ದುಂಡಗಿದೆ."