ವಿಡಂಬನೆಗೆ ಉಳಿದಿರುವ ಒಬ್ಬನೇ ಭಕ್ತ

ವಿಡಂಬನೆಯಿಂದ ಲೋಕದಲ್ಲಿ ಏನಾದರೂ ಬದಲಾಗುತ್ತದಾ? ಅಮೆರಿಕದ ಪ್ರೊಫೆಸರುಗಳು ಈ ಪ್ರಶ್ನೆ ಹಿಡಿದುಕೊಂಡು ಎಷ್ಟೋ ವರ್ಷಗಳಿಂದ ಕೂತಿದ್ದಾರೆ. ಸೆಮಿನಾರು ಆಗಿದೆ, ಪಿಎಚ್‌ಡಿ ಆಗಿದೆ, ಸೆಮಿನಾರಿನಲ್ಲಿ ಊಟವೂ ಆಗಿದೆ. ಉತ್ತರ ಮಾತ್ರ ಸಿಕ್ಕಿಲ್ಲ. ಪಾಪ, ಹುಡುಕಿದ ಜಾಗವೇ ಸರಿಯಿಲ್ಲ. ವಿಡಂಬನೆಗೆ ಭಯಂಕರ ಶಕ್ತಿ ಇದೆ ಅಂತ ಮನಸಾರೆ ನಂಬಿರುವ ಮನುಷ್ಯರೊಬ್ಬರು ವಾಷಿಂಗ್ಟನ್ನಿನ ಬಿಳಿ ಬಂಗಲೆಯಲ್ಲೇ ಇದ್ದಾರೆ. ಟಿವಿ ತಪ್ಪದೆ ನೋಡುತ್ತಾರೆ. ಕಾಮಿಡಿಯವರು ಏನಂದರು ಅನ್ನುವುದನ್ನು ನೆನಪಿಟ್ಟುಕೊಳ್ಳುತ್ತಾರೆ. ನೋಟ್ಸ್ ಮಾಡಿಕೊಳ್ಳುವ ವಿದ್ಯಾರ್ಥಿಗೂ ಅಷ್ಟು ಶ್ರದ್ಧೆ ಇರುವುದಿಲ್ಲ.

ಈ ಶ್ರದ್ಧೆ ಇವತ್ತಿನದಲ್ಲ. 2012ರ ಅಕ್ಟೋಬರಿನಲ್ಲಿ, ಇನ್ನೂ ಬರೀ ಶ್ರೀಮಂತರಾಗಿದ್ದ ಡೊನಾಲ್ಡ್ ಟ್ರಂಪ್ ಸಾಹೇಬರು ಒಬಾಮಾಗೆ ಒಂದು ಸವಾಲು ಹಾಕಿದ್ದರು. ಕಾಲೇಜಿನ ದಾಖಲೆ, ಪಾಸ್‌ಪೋರ್ಟಿನ ದಾಖಲೆ ಬಹಿರಂಗ ಮಾಡಿದರೆ, ಒಬಾಮಾ ಹೇಳಿದ ಸೇವಾ ಸಂಸ್ಥೆಗೆ 50 ಲಕ್ಷ ಡಾಲರ್ ಕೊಡುವುದಾಗಿ. ಅದೇ ಧಾಟಿಯಲ್ಲಿ 2013ರ ಜನವರಿಯಲ್ಲಿ ಬಿಲ್ ಮಾರ್ ಎಂಬ ಹಾಸ್ಯಗಾರ ಟಿವಿಯಲ್ಲಿ ಕೂತು ತಿರುಗೇಟು ಕೊಟ್ಟ. ಟ್ರಂಪ್ ಅವರ ತಂದೆ ಒರಾಂಗುಟಾನ್ ಅಲ್ಲ ಅಂತ ಸಾಬೀತು ಮಾಡಿದರೆ ತಾನೂ 50 ಲಕ್ಷ ಡಾಲರ್ ದಾನ ಕೊಡುವುದಾಗಿ. ಕೂದಲಿನ ಬಣ್ಣ ನೋಡಿದರೆ ಅನುಮಾನ ಬರುತ್ತದಂತೆ. ಜನ ನಕ್ಕರು, ಜಾಹೀರಾತು ಬಂತು, ಮಲಗಿದರು.

ಒಬ್ಬರು ಮಲಗಲಿಲ್ಲ. ಸಾಹೇಬರ ವಕೀಲರಿಂದ ಮಾರ್‌ಗೆ ಪತ್ರ ಹೋಯಿತು. ಜೊತೆಯಲ್ಲಿ ಜನನ ಪ್ರಮಾಣಪತ್ರದ ಪ್ರತಿ! ನಮ್ಮ ಕಕ್ಷಿದಾರರು ಫ್ರೆಡ್ ಟ್ರಂಪ್ ಅವರ ಮಗ, ಒರಾಂಗುಟಾನಿನ ಮಗ ಅಲ್ಲ, ಆದ್ದರಿಂದ ದುಡ್ಡು ಎಣಿಸಿ ಎನ್ನುವುದು ಅದರ ಸಾರಾಂಶ. ಒಂದು ಕ್ಷಣ ಆ ಆಫೀಸನ್ನು ಕಣ್ಣ ಮುಂದೆ ತಂದುಕೊಳ್ಳಿ. ದಪ್ಪ ಲೆಟರ್‌ಹೆಡ್. ಗಂಟೆಗೆ ಇಷ್ಟು ಅಂತ ಫೀಸು ತಗೊಳ್ಳುವ ವಕೀಲರು. ಟೈಪ್ ಮಾಡುವಾಗ ಒರಾಂಗುಟಾನ್ ಸ್ಪೆಲ್ಲಿಂಗ್ ಏನು ಅಂತ ಯಾರೋ ಯಾರನ್ನೋ ಕೇಳಿರಲೇಬೇಕು ತಾನೇ? ಮಾರ್ ದುಡ್ಡು ಕೊಡಲಿಲ್ಲ. ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಕೇಸೇ ಬಿತ್ತು. ಕೆಲವು ವಾರಗಳಾದ ಮೇಲೆ ವಾಪಸೂ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರನ್ನು ಕಂಡಿದ್ದೇವೆ. ಹೆಗಲಿನ ಫೋಟೋ ತೆಗೆಸಿ, ನೋಟರಿ ಮಾಡಿಸಿ, ಕೋರ್ಟಿಗೆ ಹಾಕಿದವರು ಇವರೇ ಇರಬೇಕು.

ಈಗ ಜನರ ಕಡೆ ಬನ್ನಿ. ಅಲ್ಲಿ ಕಥೆಯೇ ಬೇರೆ.

ಸ್ಟೀಫನ್ ಕೋಲ್ಬೇರ್ 2005ರಿಂದ 2014ರವರೆಗೆ ಕಾಮಿಡಿ ಸೆಂಟ್ರಲ್ ಚಾನೆಲ್ಲಿನಲ್ಲಿ ಒಂದು ವೇಷ ಕಟ್ಟಿದ್ದ. ತಾನು ಹೇಳಿದ್ದೇ ಸತ್ಯ ಅಂತ ಅರಚುವ ಬಲಪಂಥದ ಆ್ಯಂಕರ್ ವೇಷ. ಎಂಥ ಮಕ್ಕಳಿಗೂ ಇದು ತಮಾಷೆ ಅಂತ ಗೊತ್ತಾಗಬೇಕು. 2009ರಲ್ಲಿ ಓಹಿಯೋ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಎರಡೂ ಪಂಥದವರು ನೋಡಿ ನಕ್ಕಿದ್ದರು. ಆದರೆ ಸಂಪ್ರದಾಯವಾದಿಗಳಿಗೆ ಅನಿಸಿದ್ದೇ ಬೇರೆ: ಈತ ತಮಾಷೆ ಮಾಡುತ್ತಿರುವ ಹಾಗೆ ನಟಿಸುತ್ತಿದ್ದಾನೆ, ಹೇಳುತ್ತಿರುವುದೆಲ್ಲ ನಿಜಕ್ಕೂ ಮನಸ್ಸಿನ ಮಾತೇ! ಅಂದರೆ ವಿಡಂಬನೆ ಎರಡೂ ಮನೆಗೆ ಹೋಯಿತು, ಎರಡೂ ಮನೆಯಲ್ಲಿ ಕಾಫಿ ಕುಡಿಯಿತು, ಎರಡೂ ಮನೆಯವರು ತಮ್ಮವನೇ ಅಂದುಕೊಂಡು ಕಳಿಸಿದರು.

ಇದೇ ಕೋಲ್ಬೇರ್‌ನನ್ನು 2010ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಂಸತ್ತು ಸಾಕ್ಷಿ ಹೇಳಲು ಕರೆಯಿತು. ವಿಷಯ: ಹೊಲದಲ್ಲಿ ದುಡಿಯುವ ವಲಸೆ ಕಾರ್ಮಿಕರ ಸ್ಥಿತಿ. ಅರ್ಹತೆ: ಒಂದು ದಿನ ಹೊಲದಲ್ಲಿ ಕೆಲಸ ಮಾಡಿದ್ದು. ವೇಷ ಕಳಚದೆಯೇ ಬಂದು ಕೂತ. ಸಮಿತಿಯ ಹಿರಿಯ ಸದಸ್ಯ ಜಾನ್ ಕಾನ್ಯರ್ಸ್, ಲಿಖಿತ ಹೇಳಿಕೆ ಕೊಟ್ಟು ಎದ್ದು ಹೋಗಪ್ಪಾ ಅನ್ನುವ ಅರ್ಥದಲ್ಲಿ ಕೇಳಿದರು. ಹೋಗಲಿಲ್ಲ. ತನ್ನ ಕರುಳಿನ ಪರೀಕ್ಷೆಯ ವಿಡಿಯೋವನ್ನು ಸಂಸತ್ತಿನ ದಾಖಲೆಗೆ ಸೇರಿಸಿ ಅಂತ ಕೇಳಿಕೊಂಡ. ಕೊನೆಗೆ ಒಂದು ಗಂಭೀರ ಪ್ರಶ್ನೆ ಬಂದಾಗ ತಲೆ ಕೆರೆದುಕೊಂಡು, ನಮ್ಮ ಕೆಲಸ ಮಾಡುತ್ತಾ ಯಾವ ಹಕ್ಕೂ ಇಲ್ಲದೆ ಇರುವವರ ಬಗ್ಗೆ ಯಾರಾದರೂ ಮಾತಾಡಬೇಕಲ್ಲ ಅನ್ನುವ ಅರ್ಥದ ಎರಡು ಮಾತು ಹೇಳಿದ. ಆ ಎರಡು ಮಾತಿನಲ್ಲಿ ತಮಾಷೆ ಇರಲಿಲ್ಲ. ಕ್ಯಾಮೆರಾಗಳು ತುಂಬಿದ್ದವು, ಮರುದಿನ ಪೇಪರ್ ತುಂಬಿತು. ಆ ಕಾರ್ಮಿಕರಿಗೆ ಕಾನೂನಿನ ಆಸರೆ ಕೊಡಬೇಕಿದ್ದ ಮಸೂದೆ ಪಾಸಾಗಲಿಲ್ಲ. ವಿಡಿಯೋ ಸಿಕ್ಕಿತು, ಹಕ್ಕು ಸಿಗಲಿಲ್ಲ.

ಆಮೇಲೆ ಸೂಪರ್ ಪ್ಯಾಕ್ ಪ್ರಸಂಗ. ಸೂಪರ್ ಪ್ಯಾಕ್ ಅಂದರೆ ಚುನಾವಣೆಗೆ ಮಿತಿಯಿಲ್ಲದೆ ದುಡ್ಡು ಎತ್ತಿ ಖರ್ಚು ಮಾಡುವ ಸಂಸ್ಥೆ. ಚುನಾವಣೆಗೆ ಕಂಪನಿಗಳೂ ಕುಬೇರರೂ ಲೆಕ್ಕವಿಲ್ಲದೆ ದುಡ್ಡು ಸುರಿಯಬಹುದು ಅಂತ 2010ರಲ್ಲಿ ಕೋರ್ಟುಗಳು ಹೇಳಿದವು. ಇದು ಎಂಥ ಹುಚ್ಚು ಅಂತ ತೋರಿಸಲು ಕೋಲ್ಬೇರ್ ತಾನೇ ಒಂದು ಸೂಪರ್ ಪ್ಯಾಕ್ ತೆರೆದ. 2011ರಲ್ಲಿ ಚುನಾವಣಾ ಆಯೋಗದ ಒಪ್ಪಿಗೆಯೂ ಸಿಕ್ಕಿತು. ಚುನಾವಣಾ ಆಯೋಗದ ಮಾಜಿ ಅಧ್ಯಕ್ಷರೇ ಅವನ ವಕೀಲರು. ಹತ್ತು ಲಕ್ಷ ಡಾಲರಿಗೂ ಜಾಸ್ತಿ ಹಣ ಬಂತು. ತಾನೂ ಚುನಾವಣೆಗೆ ನಿಲ್ಲುವ ಹಾಗೆ ಹೊರಟ. ಅಭ್ಯರ್ಥಿಗೂ ಸೂಪರ್ ಪ್ಯಾಕಿಗೂ ಸಂಬಂಧ ಇರಬಾರದು ಅನ್ನುವ ನಿಯಮ ಇದೆಯಲ್ಲ, ಅದಕ್ಕೆ ಇಡೀ ಗಂಟನ್ನು ಟಿವಿಯಲ್ಲೇ ಗೆಳೆಯ ಜಾನ್ ಸ್ಟೀವರ್ಟ್ ಕೈಗೆ ದಾಟಿಸಿದ. ಸಂಬಂಧ ಕಡಿಯಿತು, ಇಬ್ಬರೂ ಒಂದೇ ಸ್ಟುಡಿಯೋದಲ್ಲಿ ಕೈ ಕುಲುಕಿದರು. ಸುದ್ದಿ ಚಾನೆಲ್ ನೋಡಿದವರಿಗಿಂತ ಕೋಲ್ಬೇರ್ ನೋಡಿದವರಿಗೆ ಈ ವಿಷಯ ಚೆನ್ನಾಗಿ ಅರ್ಥವಾಗಿತ್ತು ಅಂತ 2014ರಲ್ಲಿ ಪೆನ್ಸಿಲ್ವೇನಿಯಾದ ಅನೆನ್‌ಬರ್ಗ್ ಕೇಂದ್ರದವರು ಹೇಳಿದರು. ಪೀಬಾಡಿ ಪ್ರಶಸ್ತಿಯೂ ಬಂತು. ಎಲ್ಲರಿಗೂ ಅರ್ಥವಾಯಿತು. 2024ರ ಚುನಾವಣೆಯಲ್ಲಿ ಈಲಾನ್ ಮಸ್ಕ್ ಒಬ್ಬರೇ 25 ಕೋಟಿ ಡಾಲರಿಗೂ ಹೆಚ್ಚು ಸುರಿದರು. ಅವರಿಗೆ ಬಹಳ ಚೆನ್ನಾಗಿ ಅರ್ಥವಾಗಿತ್ತು.

ಇನ್ನು ದಿ ಆನಿಯನ್. ಸುಳ್ಳು ಸುದ್ದಿಯನ್ನು ಪ್ರಾಮಾಣಿಕವಾಗಿ ಬರೆಯುವ ಪತ್ರಿಕೆ. 2014ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಚಾಕು ಹಾಕಿ, ಗುಂಡು ಹಾರಿಸಿ ಆರು ಜನರನ್ನು ಕೊಂದಾಗ ಒಂದು ತಲೆಬರಹ ಬರೆದರು. ಇದನ್ನು ತಡೆಯಲು ದಾರಿಯೇ ಇಲ್ಲ ಅಂತ, ಇದು ಪದೇ ಪದೇ ನಡೆಯುವ ಒಂದೇ ಒಂದು ದೇಶ ಹೇಳುತ್ತಿದೆ ಅನ್ನುವುದು ಅದರ ತಾತ್ಪರ್ಯ. ಅಂದಿನಿಂದ ದೊಡ್ಡ ಗುಂಡಿನ ದಾಳಿ ಆದಾಗ ಎಷ್ಟೋ ಸಲ ಅದನ್ನೇ ಮತ್ತೆ ಹಾಕಿದ್ದಾರೆ. ಊರಿನ ಹೆಸರು, ಸತ್ತವರ ಲೆಕ್ಕ ಬದಲಾಗುತ್ತದೆ. ಉಳಿದ ಸಾಲುಗಳು ಹೆಚ್ಚುಕಮ್ಮಿ ಹಾಗೇ. 2022ರಲ್ಲಿ ಟೆಕ್ಸಾಸಿನ ಯುವಾಲ್ಡೆ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತಾಗ ಮುಖಪುಟದ ತುಂಬ ಹಳೆಯದನ್ನೆಲ್ಲ ಸಾಲಾಗಿ ಜೋಡಿಸಿದರು. ಅದನ್ನು ಓದಿ ಯಾರೂ ನಗುವುದಿಲ್ಲ. ಬಂದೂಕೂ ಕಮ್ಮಿಯಾಗಲಿಲ್ಲ.

ಒಂದು ಸಲ ಕೆಲಸ ಆಯಿತು ಅಂತ ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯ. 2014ರಲ್ಲಿ ಜಾನ್ ಆಲಿವರ್ ಎಂಬ ಹಾಸ್ಯಗಾರ ತನ್ನ ಟಿವಿ ಶೋದಲ್ಲಿ ಇಂಟರ್ನೆಟ್ ಎಲ್ಲರಿಗೂ ಸಮಾನವಾಗಿ ಸಿಗಬೇಕು ಅಂತ ಹದಿಮೂರು ನಿಮಿಷ ಮಾತಾಡಿದ. ಜನ ದೂರು ಬರೆಯಲು ಮುಗಿಬಿದ್ದರು, ಸಂಪರ್ಕ ಇಲಾಖೆ ಎಫ್‌ಸಿಸಿಯ ವ್ಯವಸ್ಥೆ ಕುಸಿಯಿತು. ಇಲಾಖೆಯ ಮುಖ್ಯಸ್ಥ ಟಾಮ್ ವೀಲರ್, ಕೇಬಲ್ ಕಂಪನಿಗಳ ಪರ ಲಾಬಿ ಮಾಡಿದ್ದವರು. ಅವರನ್ನು ಇಲ್ಲಿ ಕೂರಿಸುವುದೂ ಮಗು ನೋಡಿಕೊಳ್ಳಲು ಡಿಂಗೋ ಇಡುವುದೂ ಒಂದೇ ಅಂದಿದ್ದ ಆಲಿವರ್. ಡಿಂಗೋ ಅಂದರೆ ಆಸ್ಟ್ರೇಲಿಯಾದ ಕಾಡುನಾಯಿ. ಪತ್ರಿಕಾಗೋಷ್ಠಿಯಲ್ಲಿ ವೀಲರ್ ಗಂಭೀರ ಮುಖ ಮಾಡಿಕೊಂಡು, ನಾನು ಡಿಂಗೋ ಅಲ್ಲ, ಇದು ದಾಖಲಾಗಲಿ ಅಂದರು. ಆದರೆ ಮರುವರ್ಷ ಜನ ಕೇಳಿದ ನಿಯಮವನ್ನೇ ತಂದರು. 2017ರ ಡಿಸೆಂಬರಿನಲ್ಲಿ ಅವರ ನಂತರ ಬಂದವರು ಅದನ್ನು ಕಿತ್ತುಹಾಕಿದರು. ಇರಲಿ, ಅಮೆರಿಕದ ಸಾರ್ವಜನಿಕ ಜೀವನದಲ್ಲಿ ತಾವು ಯಾವ ಪ್ರಾಣಿ ಅಲ್ಲ ಅಂತ ಅಧಿಕೃತವಾಗಿ ಹೇಳಿದವರು ಕನಿಷ್ಠ ಇಬ್ಬರಾದರು.

ಹಳೆಯ ಕಾಲದ ಅಧ್ಯಕ್ಷರಿಗೆ ಈ ಕಷ್ಟ ಇರಲಿಲ್ಲ, ಅವರಿಗೆ ಉಪಾಯ ಗೊತ್ತಿತ್ತು. 1968ರಲ್ಲಿ ನಿಕ್ಸನ್ ಅಂಥ ನಿಕ್ಸನ್ನೇ ಒಂದು ಕಾಮಿಡಿ ಶೋಗೆ ಬಂದು ಒಂದು ಸಾಲು ಹೇಳಿ ಹೋದರು, ಎರಡು ತಿಂಗಳಲ್ಲಿ ಗೆದ್ದರು. ಫೋರ್ಡ್ ಎಡವಿ ಬಿದ್ದಿದ್ದನ್ನು ಸ್ಯಾಟರ್ಡೇ ನೈಟ್ ಲೈವ್ ವಾರವಾರ ಆಡಿಕೊಂಡಿತು. 1976ರಲ್ಲಿ ಫೋರ್ಡ್ ಅದೇ ಶೋಗೆ ಮುಖ ತೋರಿಸಿದರು. ಹಿರಿಯ ಬುಷ್ ಚುನಾವಣೆ ಸೋತ ಮೇಲೆ, ತಮ್ಮನ್ನು ಅಣಕಿಸುತ್ತಿದ್ದ ಡೇನಾ ಕಾರ್ವಿಯನ್ನು ವೈಟ್ ಹೌಸಿಗೇ ಕರೆಸಿ ಅಣಕ ಮಾಡಿಸಿದರು. ಸುಮ್ನೆ ಜೊತೆಯಲ್ಲಿ ನಕ್ಕುಬಿಟ್ಟರೆ ಮುಗಿಯಿತು. ವಿಡಂಬನೆ ಸಾಯುವುದು ಹೀಗೆಯೇ, ಬೆನ್ನು ತಟ್ಟಿಸಿಕೊಂಡು. ಟ್ರಂಪ್ ಸಾಹೇಬರೂ 2004ರಲ್ಲಿ, 2015ರಲ್ಲಿ ಅದೇ ಶೋ ನಡೆಸಿಕೊಟ್ಟವರೇ. ಆದರೆ ಅಧ್ಯಕ್ಷರಾದ ಮೇಲೆ, 2018ರಲ್ಲಿ, ಇದನ್ನು ಕೋರ್ಟಿನಲ್ಲಿ ಪರೀಕ್ಷೆ ಮಾಡಬೇಕು, ಇದು ಕಾನೂನುಬದ್ಧ ಆಗಿರಲು ಸಾಧ್ಯವೇ ಅಂತ ಟ್ವೀಟ್ ಮಾಡಿದರು. ಸಾಯುತ್ತಿದ್ದ ಕಲೆಗೆ ಹೀಗೆ ಮತ್ತೆ ಉಸಿರು ಬಂತು.

2025 ಅಂತೂ ಸುಗ್ಗಿ. ಒಂದು ಹಳೆಯ ಕೇಸಿನ ರಾಜಿಗೆ ಸಿಬಿಎಸ್ ಚಾನೆಲ್ಲಿನ ಮಾತೃಸಂಸ್ಥೆ ಪ್ಯಾರಾಮೌಂಟ್, ಸಾಹೇಬರ ಕಡೆಗೆ 1.6 ಕೋಟಿ ಡಾಲರ್ ಕೊಡಲು ಒಪ್ಪಿತು. ಅದೇ ಹೊತ್ತಿಗೆ ಆ ಕಂಪನಿಯ 800 ಕೋಟಿ ಡಾಲರಿನ ವಿಲೀನಕ್ಕೆ ಸರ್ಕಾರದ ಒಪ್ಪಿಗೆ ಬೇಕಿತ್ತು. ಅದೇ ಚಾನೆಲ್ಲಿನಲ್ಲಿದ್ದ ಕೋಲ್ಬೇರ್ ಜುಲೈ 14ರಂದು ಇದನ್ನು ದಪ್ಪನೆಯ ಲಂಚ ಅಂದ. ಮೂರು ದಿನಕ್ಕೆ ಶೋ ನಿಲ್ಲಿಸುವ ಘೋಷಣೆ. ಶುದ್ಧ ಹಣಕಾಸಿನ ನಿರ್ಧಾರ ಅಂದಿತು ಸಿಬಿಎಸ್. ಒಂದು ವಾರಕ್ಕೆ ವಿಲೀನಕ್ಕೂ ಒಪ್ಪಿಗೆ ಬಂತು. ಕೋಲ್ಬೇರ್ ಕೆಲಸ ಹೋಗಿದ್ದು ಬಹಳ ಖುಷಿ, ಮುಂದಿನ ಸರದಿ ಇನ್ನೊಬ್ಬ ಟಿವಿ ಹಾಸ್ಯಗಾರ ಜಿಮ್ಮಿ ಕಿಮ್ಮೆಲ್‌ದಂತೆ ಅಂತ ಸಾಹೇಬರು ಬರೆದುಕೊಂಡರು. ತಮಾಷೆ ಅಂದರೆ ಅದೇ ವಾರ ಅದೇ ಪ್ಯಾರಾಮೌಂಟ್, ಸೌತ್ ಪಾರ್ಕ್ ಎಂಬ ಕಾರ್ಟೂನ್ ಧಾರಾವಾಹಿಯವರ ಜೊತೆ 150 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತ್ತು. ಅವರು ಮೊದಲ ಕಂತಿನಲ್ಲೇ ಸಾಹೇಬರನ್ನು ಬಟ್ಟೆ ಬಿಚ್ಚಿ ಸೈತಾನನ ಪಕ್ಕ ಮಲಗಿಸಿದರು. ಈ ಶೋ ಇಪ್ಪತ್ತು ವರ್ಷದಿಂದ ಲೆಕ್ಕಕ್ಕೇ ಇಲ್ಲ ಅಂತ ವೈಟ್ ಹೌಸ್ ಅಧಿಕೃತ ಹೇಳಿಕೆ ಕೊಟ್ಟಿತು. ಲೆಕ್ಕಕ್ಕಿಲ್ಲದ್ದಕ್ಕೆ ಹೇಳಿಕೆ ಯಾಕೆ ಅಂತ ಕೇಳಬೇಡಿ. ಮುಂದೆ ವಲಸಿಗರನ್ನು ಹಿಡಿಯುವ ಪೊಲೀಸರನ್ನು ಸೌತ್ ಪಾರ್ಕ್ ಲೇವಡಿ ಮಾಡಿತು. ಗೃಹಭದ್ರತಾ ಇಲಾಖೆ ಆ ಲೇವಡಿಯ ಚಿತ್ರವನ್ನೇ ಎತ್ತಿಕೊಂಡು ಪೊಲೀಸ್ ನೇಮಕಾತಿಯ ಜಾಹೀರಾತು ಮಾಡಿತು.

ಕಿಮ್ಮೆಲ್ ಸರದಿ ಸೆಪ್ಟೆಂಬರಿನಲ್ಲಿ ಬಂತು. ಬಲಪಂಥದ ಮುಖಂಡ ಚಾರ್ಲಿ ಕರ್ಕ್ ಹತ್ಯೆಯ ನಂತರ ಕಿಮ್ಮೆಲ್ ಆಡಿದ ಮಾತಿಗೆ ಎಫ್‌ಸಿಸಿ ಮುಖ್ಯಸ್ಥ ಬ್ರೆಂಡನ್ ಕಾರ್ ಸಿಟ್ಟಾದರು. ಇದನ್ನು ಸುಲಭದ ದಾರಿಯಲ್ಲೂ ಮಾಡಬಹುದು, ಕಷ್ಟದ ದಾರಿಯಲ್ಲೂ ಮಾಡಬಹುದು ಅಂದರು. ನಮ್ಮ ಕಡೆ ಮೀಟರ್ ಬಡ್ಡಿ ವಸೂಲಿಗೆ ಬರುವವರ ಧಾಟಿ ಇದು. ಕಿಮ್ಮೆಲ್‌ನ ಚಾನೆಲ್ ಎಬಿಸಿ ಅದೇ ದಿನ ಶೋ ನಿಲ್ಲಿಸಿತು. ಆರು ದಿನಕ್ಕೆ ಮತ್ತೆ ಶುರುವಾಯಿತು. ಎಷ್ಟೋ ಊರುಗಳ ಕೇಂದ್ರಗಳು ಪ್ರಸಾರ ಮಾಡದಿದ್ದರೂ ಆ ರಾತ್ರಿ 62 ಲಕ್ಷ ಜನ ಟಿವಿ ಹಾಕಿದರು. ಮಾಮೂಲಿನ ಮೂರು ಪಟ್ಟಿಗಿಂತ ಜಾಸ್ತಿ. ಯಾವ ಜಾಹೀರಾತು ಕಂಪನಿ ಮಾಡಿಕೊಡುತ್ತೆ ಹೇಳಿ ಇಂಥ ಪ್ರಚಾರವನ್ನು?

ಈ ಭಕ್ತಿಯಲ್ಲಿ ಸಾಹೇಬರಿಗೆ ಸಣ್ಣಪುಟ್ಟ ಶಿಷ್ಯರೂ ಇದ್ದಾರೆ. ಓಹಿಯೋದ ಪಾರ್ಮಾ ಎಂಬ ಊರಿನಲ್ಲಿ 2016ರಲ್ಲಿ ಒಬ್ಬ ತಮ್ಮೂರ ಪೊಲೀಸರ ಅಣಕು ಫೇಸ್‌ಬುಕ್ ಪುಟ ಮಾಡಿದ. ಪೂರ್ತಿ ಒಂದು ದಿನವೂ ಉಳಿಯದ ಪುಟ. ಪೊಲೀಸ್ ಕೆಲಸಕ್ಕೆ ಅಡ್ಡಿ ಅಂತ ಹಿಡಿದು ನಾಲ್ಕು ದಿನ ಒಳಗಿಟ್ಟರು. ಜ್ಯೂರಿ ಬಿಟ್ಟು ಕಳಿಸಿತು. ಅವನು ಪರಿಹಾರ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋದಾಗ 2022ರಲ್ಲಿ ದಿ ಆನಿಯನ್ ಅವನ ಪರ ಒಂದು ಅರ್ಜಿ ಹಾಕಿತು. ನಮಗೆ ದಿನಕ್ಕೆ 4.3 ಲಕ್ಷ ಕೋಟಿ ಓದುಗರು ಅಂತ ಅದರಲ್ಲಿ ಹೇಳಿಕೊಂಡಿತ್ತು. ಕೋರ್ಟು ಕೇಸನ್ನೇ ಎತ್ತಿಕೊಳ್ಳಲಿಲ್ಲ.

ನಗಲು ನಮಗೂ ಜಾಸ್ತಿ ಸಲಿಗೆ ಇಲ್ಲ ಅನ್ನಿ. 2020ರ ಫೆಬ್ರವರಿಯಲ್ಲಿ ಟ್ರಂಪ್ ಅಹಮದಾಬಾದಿಗೆ ಬರುವ ಹೊತ್ತಿಗೆ ಆಲಿವರ್ ಮೋದಿಯವರ ಬಗ್ಗೆ ಒಂದು ಕಂತು ಮಾಡಿದ್ದ. ಹಾಟ್‌ಸ್ಟಾರಿನಲ್ಲಿ ಅದು ಬರಲೇ ಇಲ್ಲ. ಎಲ್ಲರೂ ಯೂಟ್ಯೂಬಿನಲ್ಲಿ ಹುಡುಕಿ ನೋಡಿದರು.

ನನ್ನದೊಂದು ಸಣ್ಣ ಸಲಹೆ ಇದೆ. ಅಮೆರಿಕದ ಹಾಸ್ಯಕ್ಕೆ ಕೊಡುವ ದೊಡ್ಡ ಗೌರವ ಮಾರ್ಕ್ ಟ್ವೇನ್ ಪ್ರಶಸ್ತಿ. 1998ರಿಂದ ವಾಷಿಂಗ್ಟನ್ನಿನ ಕೆನಡಿ ಸೆಂಟರ್ ಕೊಡುತ್ತಿದೆ. 2025ರ ಫೆಬ್ರವರಿಯಲ್ಲಿ ಆ ಸೆಂಟರಿನ ಅಧ್ಯಕ್ಷರಾಗಿ ಬಂದವರು ಯಾರು ಅಂದುಕೊಂಡಿರಿ? ನಮ್ಮ ಸಾಹೇಬರೇ. ವಿಡಂಬನೆಗೆ ಇಷ್ಟು ಬೆಲೆ ಕೊಟ್ಟವರು, ಕೇಸು ಹಾಕಿದವರು, ರಾತ್ರಿ ನಿದ್ದೆಗೆಟ್ಟವರು ಇನ್ನೊಬ್ಬರಿಲ್ಲ. ಈ ಸಲದ ಪ್ರಶಸ್ತಿಯನ್ನು ಅವರಿಗೇ ಕೊಟ್ಟರೆ ಆಗದಾ? ಕೊಡುವವರೂ ಅವರೇ, ತಗೊಳ್ಳುವವರೂ ಅವರೇ. ಒಂದು ಹಾರ, ಒಂದು ಶಾಲು, ಒಂದು ಊಟ ಉಳಿಯಿತು. ಶುದ್ಧ ಹಣಕಾಸಿನ ನಿರ್ಧಾರ ಅಂತ ಸಿಬಿಎಸ್‌ನವರು ಬಂದು ಸಾಕ್ಷಿ ಹೇಳುತ್ತಾರೆ.