ಆ 21 ನಿಮಿಷಕ್ಕೆ ಮ್ಯೂಸಿಕ್ ಹಾಕಬೇಡಿ

ಎರಡನೇ ಮಹಾಯುದ್ಧದ ಹಳೇ ಫಿಲಂಗಳು ಈಗ ರೀಲ್ಸ್‌ನಲ್ಲಿ ಜಾಸ್ತಿ ಓಡಾಡುತ್ತಿವೆ. ಕಪ್ಪು-ಬಿಳುಪಿಗೆ ಬಣ್ಣ ತುಂಬಿರುತ್ತಾರೆ. ಹಿಂದೆ ಡ್ರಮ್ ಬಡಿಯುತ್ತಿರುತ್ತದೆ. ಅಮೆರಿಕದ ಟ್ಯಾಂಕ್ ಬರುತ್ತದೆ, ಜನ ಹೂವು ಎಸೆಯುತ್ತಾರೆ, ಸೈನಿಕ ನಗುತ್ತಾನೆ, ಮುಗಿಯಿತು. ಹೋದ ವಾರ ಗೆಳೆಯನೊಬ್ಬ ಇಂಥದ್ದೊಂದು ಕಳಿಸಿದ. ಅದರಲ್ಲಿ ಅರ್ಧ ನಿಮಿಷ ಫಾಲ್ಕೆನೌ ದೃಶ್ಯವೂ ಇತ್ತು. ಚೆಕೊಸ್ಲೊವಾಕಿಯಾದಲ್ಲಿದ್ದ ನಾಜಿಗಳ ಸೆರೆ ಕ್ಯಾಂಪು ಅದು. ಅದಕ್ಕೂ ಅದೇ ಡ್ರಮ್. ನೋಡಿ ಹೊಟ್ಟೆ ತೊಳಸಿದಂತಾಯಿತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಆ ದೃಶ್ಯ ತೆಗೆದವನು ಸ್ಯಾಮ್ಯುಯೆಲ್ ಫುಲ್ಲರ್. ಮುಂದೆ ಹಾಲಿವುಡ್‌ನಲ್ಲಿ ದೊಡ್ಡ ನಿರ್ದೇಶಕನಾದ. ಆಗ ಅವನು ಅಮೆರಿಕದ 16ನೇ ಇನ್‌ಫೆಂಟ್ರಿ ರೆಜಿಮೆಂಟಿನ ಒಬ್ಬ ಸಾಮಾನ್ಯ ಸೈನಿಕ. ತೋಳಿನ ಮೇಲೆ ಕೆಂಪು ಒಂದರ ಗುರುತು ಹಾಕುವ 1ನೇ ಡಿವಿಷನ್ನಿಗೆ ಸೇರಿದ ರೆಜಿಮೆಂಟ್ ಅದು. 1942ರ ನವೆಂಬರಿನಲ್ಲಿ ಉತ್ತರ ಆಫ್ರಿಕಾ. 1943ರ ಜುಲೈನಲ್ಲಿ ಸಿಸಿಲಿ. 1944ರ ಜೂನ್ 6ರ ಬೆಳಗ್ಗೆ ನಾರ್ಮಂಡಿಯ ಒಮಾಹಾ ಕಡಲತೀರ. ಆಮೇಲೆ ಬೆಲ್ಜಿಯಂ, ಆಖೆನ್ ಊರಿನ ಸುತ್ತಲ ದಿಬ್ಬಗಳು, ಹುರ್ಟ್‌ಗೆನ್ ಕಾಡು, ಆರ್ಡೆನ್ಸ್‌ನ ಹಿಮ, ರೈನ್ ನದಿ. ಕೊನೆಗೆ 1945ರ ಮೇ ತಿಂಗಳಲ್ಲಿ ಚೆಕೊಸ್ಲೊವಾಕಿಯಾ. ಎರಡೂವರೆ ವರ್ಷ. ಹೊರಟವರಲ್ಲಿ ಎಷ್ಟೋ ಜನ ದಾರಿಯಲ್ಲೇ ಉಳಿದರು.

ಈ ದಾರಿ ಫಿಲಂ ಮೇಲೆ ಉಳಿದದ್ದು ತೀರಾ ಕಡಿಮೆ. ಒಮಾಹಾದಲ್ಲಿ ಇದೇ ರೆಜಿಮೆಂಟಿನ ಜೊತೆ ನೀರಿಗಿಳಿದ ಫೋಟೋಗ್ರಾಫರ್ ರಾಬರ್ಟ್ ಕಾಪಾನ ಫೋಟೋಗಳು ಎಲ್ಲರಿಗೂ ಗೊತ್ತು. ಉಳಿದದ್ದು ಹತ್ತು-ಹನ್ನೊಂದು ಚಿತ್ರ. ಅದರಲ್ಲೂ ಕೆಲವು ಅಲುಗಾಡಿ ಮಸುಕಾಗಿವೆ. ಮುಂದಕ್ಕೆ ನುಗ್ಗುವವನ ಕೈಯಲ್ಲಿ ಬಂದೂಕು ಇರುತ್ತದೆ, ಕ್ಯಾಮೆರಾ ಎಲ್ಲಿಂದ ಬರಬೇಕು?

ಫುಲ್ಲರ್‌ಗೆ ಕ್ಯಾಮೆರಾ ಬಂದದ್ದು ಅಮ್ಮನಿಂದ. 16 ಎಂಎಂನ ಬೆಲ್ ಅಂಡ್ ಹೋವೆಲ್. ಕೀಲಿ ಕೊಟ್ಟು ಓಡಿಸುವಂಥದ್ದು. ಒಂದು ಸಲ ಕೀಲಿ ತಿರುಗಿಸಿದರೆ ಸುಮಾರು ಅರ್ಧ ನಿಮಿಷ ಓಡುತ್ತದೆ, ಆಮೇಲೆ ಮತ್ತೆ ತಿರುಗಿಸಬೇಕು. ಧ್ವನಿ ಇಲ್ಲ. ಯುದ್ಧಕ್ಕೆ ಮುಂಚೆ ಅವನು ನ್ಯೂಯಾರ್ಕಿನ ಪತ್ರಿಕೆಯಲ್ಲಿ ಕ್ರೈಂ ವರದಿಗಾರ. ಹೆಣ ನೋಡಿ ಬರೆಯುವುದೇ ಕೆಲಸವಾಗಿತ್ತು. ಆದರೂ ಫಾಲ್ಕೆನೌ ಕ್ಯಾಂಪಿನ ಗೇಟು ತೆಗೆದಾಗ ಕಂಡದ್ದಕ್ಕೆ ಅವನೂ ತಯಾರಿರಲಿಲ್ಲ.

ಕ್ಯಾಂಪಿನಲ್ಲಿ ಬತ್ತಲೆ ಹೆಣಗಳು ಬಿದ್ದಿದ್ದವು. ಮೂಳೆ-ಚರ್ಮ ಅಷ್ಟೇ. ಪಕ್ಕದಲ್ಲೇ ಊರು. ಊರಿನ ದೊಡ್ಡ ಮನುಷ್ಯರು ನಮಗೇನೂ ಗೊತ್ತಿರಲಿಲ್ಲ ಅಂದರು. ರೆಜಿಮೆಂಟಿನ ಕ್ಯಾಪ್ಟನ್ ಕಿಂಬಲ್ ರಿಚ್‌ಮಂಡ್ ಆ ಊರಿನವರ ಜೊತೆ ವಾದಕ್ಕೆ ಇಳಿಯಲಿಲ್ಲ. ಸತ್ತವರಿಗೆ ಬಟ್ಟೆ ತೊಡಿಸಿ, ಮರ್ಯಾದೆಯಿಂದ ಮಣ್ಣು ಮಾಡಿ ಎಂದು ಅವರಿಗೇ ಹೇಳಿದ. ಫುಲ್ಲರ್‌ಗೆ ಕ್ಯಾಮೆರಾ ತರಲು ಹೇಳಿದ. ಯುದ್ಧ ಮುಗಿದು ಒಂದು ದಿನ ಆಗಿತ್ತು ಅಷ್ಟೇ.

ಮುಂದಿನದ್ದು ಫುಲ್ಲರ್ ತೆಗೆದ ಆ 21 ನಿಮಿಷದ ಫಿಲಂ. ಕೋಟು ತೊಟ್ಟ ಗಂಡಸರು ಹೆಣ ಎತ್ತುತ್ತಾರೆ. ಅಂಗಿ ತೊಡಿಸುತ್ತಾರೆ, ಪ್ಯಾಂಟು ಹಾಕುತ್ತಾರೆ. ಬಿಳಿ ಬಟ್ಟೆಯ ಮೇಲೆ ಸಾಲಾಗಿ ಮಲಗಿಸುತ್ತಾರೆ. ಆಮೇಲೆ ಗಾಡಿಗೆ ಹಾಕಿ ಊರಿನ ಮಧ್ಯದಿಂದಲೇ ಸ್ಮಶಾನಕ್ಕೆ ಒಯ್ಯುತ್ತಾರೆ. ಅಷ್ಟೇ. ಬೇರೆ ಏನೂ ನಡೆಯುವುದಿಲ್ಲ.

ನಮ್ಮ ಅಜ್ಜ ತೀರಿಕೊಂಡಾಗ ಮೀಯಿಸಿ ಹೊಸ ಬಟ್ಟೆ ಹಾಕುವವರಲ್ಲಿ ನಾನೂ ಇದ್ದೆ. ಅಂಗಿಯ ತೋಳಿಗೆ ಕೈ ಹೋಗಲಿಲ್ಲ. ಮೊಣಕೈ ಮಡಚುವುದಿಲ್ಲ. ಬೆರಳು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಒಬ್ಬ ಬೆನ್ನಿಗೆ ಕೈ ಕೊಟ್ಟು ಎತ್ತಿ ಹಿಡಿಯಬೇಕು, ಇನ್ನೊಬ್ಬ ಎಳೆಯಬೇಕು. ಆ ಹೊತ್ತಿಗೆ ಮುಖ ನೋಡದೆ ಇರಲು ಆಗುವುದೇ ಇಲ್ಲ. ಅಷ್ಟು ಹತ್ತಿರ ಬಂದಿರುತ್ತದೆ. ರಿಚ್‌ಮಂಡ್ ಎಂಥ ಕೆಲಸ ಕೊಟ್ಟ ಅನ್ನುವುದು ನನಗೆ ಅರ್ಥವಾದದ್ದು ಅಜ್ಜನನ್ನು ನೆನೆದಾಗಲೇ. ಗುಂಡಿ ತೋಡಿ ಒಟ್ಟಿಗೆ ಹಾಕಿ ಮುಚ್ಚಿ ಅನ್ನಬಹುದಿತ್ತು. ಅನ್ನಲಿಲ್ಲ. ಒಬ್ಬೊಬ್ಬರಿಗೂ ಬಟ್ಟೆ ತೊಡಿಸಿ ಅಂದ. ಹೆಸರು ಗೊತ್ತಿಲ್ಲದ ಆ ಸತ್ತವರು ಆ ಹೊತ್ತಿಗೆ ಮತ್ತೆ ಯಾರದೋ ಮನೆಯವರ ಹಾಗೆ ಕಂಡರು. ಕ್ಯಾಂಪು ಅವರಿಂದ ಮೊದಲು ಕಿತ್ತುಕೊಂಡದ್ದು ಅದನ್ನೇ ಅಲ್ವಾ?

ಫುಲ್ಲರ್ ಈ ರೀಲನ್ನು ಹತ್ತಿರ ಹತ್ತಿರ ನಲವತ್ತು ವರ್ಷ ತನ್ನ ಬಳಿಯೇ ಇಟ್ಟುಕೊಂಡ. ತನ್ನ ರೆಜಿಮೆಂಟಿನ ಕಥೆಯನ್ನು 1980ರಲ್ಲಿ ದೊಡ್ಡ ಸಿನಿಮಾ ಮಾಡಿದ. ಆದರೆ ಈ ತುಣುಕು ಲೋಕಕ್ಕೆ ಸರಿಯಾಗಿ ಕಂಡದ್ದು 1988ರ ಒಂದು ಸಾಕ್ಷ್ಯಚಿತ್ರದಲ್ಲಿ. 2014ರಲ್ಲಿ ಅಮೆರಿಕ ಇದನ್ನು ಉಳಿಸಿಕೊಳ್ಳಲೇಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ನನಗೆ ಕೇಳಿದರೆ ಆ ರೆಜಿಮೆಂಟಿನ ಇಡೀ ದಾರಿಯಲ್ಲಿ ಇದಕ್ಕಿಂತ ದೊಡ್ಡ ಚಿತ್ರ ಇಲ್ಲ. ಗುಂಡು ಹಾರುವುದು ಒಂದೂ ಇದರಲ್ಲಿಲ್ಲ. ಅಲ್ಲಿಯವರೆಗೆ ನಡೆದದ್ದು ಯಾಕೆ ಅನ್ನುವುದು ಮಾತ್ರ ಇದೆ.

ಗೆಳೆಯನಿಗೆ ಇದನ್ನೇ ಹೇಳಿದೆ. ಅವನು ಕೆಟ್ಟವನಲ್ಲ. "ಬಣ್ಣ, ಮ್ಯೂಸಿಕ್ ಇಲ್ಲದಿದ್ದರೆ ಈಗಿನ ಮಕ್ಕಳು ನೋಡೋದೇ ಇಲ್ಲ ಮಾರಾಯಾ" ಅಂದ. ನನಗೆ ಹಾಗನ್ನಿಸುವುದಿಲ್ಲ. ಡ್ರಮ್ ಬಡಿದರೆ ಏನು ಅನ್ನಿಸಬೇಕು ಅಂತ ಅದೇ ಹೇಳಿಬಿಡುತ್ತದೆ. ನಾವು ಸುಮ್ನೆ ತಲೆಯಾಡಿಸಿ ಮುಂದಿನದಕ್ಕೆ ಹೋಗುತ್ತೇವೆ. ಧ್ವನಿ ಇಲ್ಲದಾಗ ಕೇಳುವುದು ನಮ್ಮ ಉಸಿರು ಮಾತ್ರ.

ಭಾನುವಾರ ಅಕ್ಕನ ಮಗನಿಗೆ ತೋರಿಸಿದೆ. ಹದಿನಾರು ವರ್ಷ. ಇದ್ದ ಹಾಗೇ ತೋರಿಸಿದೆ, ಕಪ್ಪು-ಬಿಳುಪು, ಸದ್ದಿಲ್ಲ. ಮೊದಲ ಎರಡು ನಿಮಿಷ ಫೋನ್ ಕೈಯಲ್ಲೇ ಇತ್ತು. ಆಮೇಲೆ ಅದನ್ನು ಮಂಚದ ಮೇಲೆ ಮಗುಚಿಟ್ಟ. ಕೊನೆಯವರೆಗೂ ಮಾತಾಡಲಿಲ್ಲ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದ.

"ಮಾಮಾ, ಅವರ ಮನೆಯಿಂದ ಕ್ಯಾಂಪು ಕಾಣ್ತಿತ್ತಾ?"

ಫುಲ್ಲರ್ ಒಂದು ಕಡೆ ಕ್ಯಾಮೆರಾವನ್ನು ಕ್ಯಾಂಪಿನಿಂದ ನಿಧಾನವಾಗಿ ಆಚೆ ತಿರುಗಿಸುತ್ತಾನೆ. ಎಲ್ಲೂ ಕತ್ತರಿಸಿಲ್ಲ. ಒಂದೇ ಓಟ. ಅಲ್ಲೇ ಊರಿನ ಮನೆಗಳು ಬರುತ್ತವೆ. ನಾನು ಉತ್ತರ ಹೇಳಲಿಲ್ಲ. ಹಿಂದಕ್ಕೆ ಹೋಗಿ ಆ ಜಾಗ ಮತ್ತೆ ಹಾಕಿದೆ.