ಅಜ್ಜಿ ತುಳುವಿನಲ್ಲೇ ಹೇಳಲಿ, ಬಿಡಿ ಮಾರಾಯ್ರೆ

ನಿನ್ನೆ ಸಂಜೆಯಿಂದ ಸಿಟ್ಟು ಇಳಿದಿಲ್ಲ. ಸುದ್ದಿವಾಹಿನಿಯೊಂದರಲ್ಲಿ ಉಳ್ಳಾಲದ ಕಡೆಯ ಕಡಲ್ಕೊರೆತದ ವರದಿ ಬರುತ್ತಿತ್ತು. ಬೇರು ಕಳಚಿ ವಾಲಿದ ತೆಂಗಿನಮರ, ಉಳಿದ ಅರ್ಧ ಗೋಡೆ, ಅದರ ಮುಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತ ಅಜ್ಜಿ. "ಎಂಕ್ಲೆನ ಇಲ್ಲ್ ಕಡಲ್‌ಗ್ ಪೋಂಡು" (ನಮ್ಮ ಮನೆ ಕಡಲಿಗೆ ಹೋಯಿತು) ಎಂದು ಶುರು ಮಾಡಿದರಷ್ಟೆ, "ಅಜ್ಜಿ, ಕನ್ನಡದಲ್ಲಿ ಹೇಳಿ" ಅಂದ ವರದಿಗಾರ. ಅವರು ಒಂದು ಗಳಿಗೆ ಸುಮ್ಮನಾದರು. ಮತ್ತೆ ತುಳುವಿನಲ್ಲೇ ಮುಂದುವರಿಸಿದರು. ಆಗ ಅವರ ದನಿ ತಗ್ಗಿಸಿ ಮೇಲೆ ಇವನ ಮಾತು: "ಸ್ಥಳೀಯರು ತಮ್ಮ ಅಳಲು ತೋಡಿಕೊಳ್ಳುತ್ತಿದ್ದಾರೆ."

ಯಾವ ಅಳಲು? ಹೇಳಲು ಬಿಟ್ಟರೆ ತಾನೆ ಗೊತ್ತಾಗುವುದು!

ತುಳು ಬಾರದ ಗೆಳೆಯರಿಗೆ ಒಂದು ಮಾತು. ತುಳುವಿನಲ್ಲಿ "ನಮ್ಮ" ಬೇರೆ, "ಎಂಕ್ಲೆನ" ಬೇರೆ. ಎದುರಿಗಿರುವವರನ್ನೂ ಸೇರಿಸಿಕೊಂಡರೆ "ನಮ್ಮ", ಬಿಟ್ಟು ಹೇಳಿದರೆ "ಎಂಕ್ಲೆನ". ಹೋದದ್ದು ನಿನ್ನ ಮನೆಯಲ್ಲ, ನಮ್ಮದು ಅನ್ನುವುದೆಲ್ಲ ಆ ಒಂದೇ ಪದದಲ್ಲಿತ್ತು.

ದೆಹಲಿಯ ನಾಯಕರು ಹಿಂದಿಯಲ್ಲಿ ಮಾತಾಡಿದರೆ ನಮ್ಮ ವಾಹಿನಿಗಳು ಅವರ ದನಿಯನ್ನೇ ಕೇಳಿಸಿ ಅಡಿಯಲ್ಲಿ ಕನ್ನಡದ ಸಾಲು ಹಾಕುತ್ತವೆ. ಸರಿಯೇ. ಅದೇ ಸಾಲು ಅಜ್ಜಿಗೆ ಯಾಕಿಲ್ಲ? 2011ರ ಜನಗಣತಿಯಲ್ಲಿ ತುಳು ಮನೆಮಾತಿನವರು 18,46,427 ಮಂದಿ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವ ಮಣಿಪುರಿ, ಬೋಡೊಗಳಿಗಿಂತ ಹೆಚ್ಚು. ಆ ಪರಿಚ್ಛೇದಕ್ಕೆ ಸೇರಿಸುವುದು ಸಂಸತ್ತಿನ ಕೆಲಸ, ಕಾಯುತ್ತಲೇ ಇದ್ದೇವೆ. ಪರದೆಯ ಅಡಿಯಲ್ಲಿ ಒಂದು ಸಾಲು ಹಾಕುವುದಕ್ಕೆ ಯಾವ ತಿದ್ದುಪಡಿ ಬೇಕು? ನಮ್ಮ ಪಾಡೇ ಹೀಗಾದರೆ 1,13,857 ಮಂದಿಯ ಕೊಡವ ತಕ್ಕ್, ಬ್ಯಾರಿ, ಕೊರಗ ಭಾಷೆಯವರು ಯಾರನ್ನು ಕೇಳಬೇಕು?

ಆಗದ ಕೆಲಸವೇನಲ್ಲ. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿ ತುಳು, ಕೊಂಕಣಿ, ಬ್ಯಾರಿಗೆಲ್ಲ ಜಾಗ ಕೊಟ್ಟಿದೆ. ಅಮ್ಮ ಬೀಡಿ ಕಟ್ಟುತ್ತಾ ತುಳು ಕಾರ್ಯಕ್ರಮ ಕೇಳುತ್ತಿದ್ದರು. ರೇಡಿಯೊ ತನ್ನ ಭಾಷೆಯಲ್ಲಿ ಮಾತಾಡುವಾಗ ಅವರ ಮುಖದಲ್ಲಿ ಬರುತ್ತಿದ್ದ ಗೆಲುವು ಈಗಲೂ ಕಣ್ಣಿಗೆ ಕಟ್ಟಿದೆ.

"ಕನ್ನಡಕ್ಕೇ ಕುತ್ತು ಬಂದಿರುವಾಗ ತುಳು ಅಂತ ಯಾಕೆ ಒಡೆಯುತ್ತೀರಿ" ಎಂದು ಕೆಲವರು ಬರುತ್ತಾರೆ, ಗೊತ್ತು. ನಾನು ಕನ್ನಡ ಪತ್ರಿಕೆಯ ಅನ್ನ ಉಂಡವ. ಅಜ್ಜಿ ಒಂದು ನಿಮಿಷ ತುಳು ಮಾತಾಡಿದರೆ ಕನ್ನಡದ ಒಂದಕ್ಷರವೂ ಸವೆಯುವುದಿಲ್ಲ. ದೆಹಲಿಯ ಮುಂದೆ ನಾವು ಹೂಡುವ ವಾದವನ್ನು ಉಳ್ಳಾಲಕ್ಕೆ ಬಂದಾಗ ಮರೆಯುವುದು ಯಾವ ನ್ಯಾಯ?

ಇನ್ನೊಂದನ್ನು ಹೇಳಿಬಿಡುತ್ತೇನೆ. ಡೆಸ್ಕಿನಲ್ಲಿದ್ದಾಗ ನಾನೂ ಇದನ್ನೇ ಮಾಡಿದ್ದೇನೆ. ವರದಿಗಾರ ಬರೆದುಕೊಂಡು ಬಂದಿದ್ದ ಮೀನುಗಾರರೊಬ್ಬರ ತುಳು ಮಾತನ್ನು ಹೊಡೆದುಹಾಕಿ "ಸೂಕ್ತ ಪರಿಹಾರ ಒದಗಿಸುವಂತೆ ಆಗ್ರಹಿಸಿದರು" ಎಂದು ಬರೆದವನು ನಾನು. ಅವರು ಆಗ್ರಹಿಸಿರಲಿಲ್ಲ, ಬೈದಿದ್ದರು. ಆ ಬೈಗುಳದಲ್ಲಿ ಮೂರು ವರ್ಷದಿಂದ ಬಾರದ ಕಲ್ಲಿನ ತಡೆಗೋಡೆಯ ಲೆಕ್ಕವಿತ್ತು. ಅದು ಅಚ್ಚಾಗಲೇ ಇಲ್ಲ.

ರಾತ್ರಿ ಆ ವಿಡಿಯೊ ತುಣುಕನ್ನು ಅಮ್ಮನಿಗೆ ಕಳಿಸಿದೆ. ವರದಿಗಾರನ ದನಿಯ ಅಡಿಯಲ್ಲಿ ಅಜ್ಜಿ ಹೇಳುತ್ತಿದ್ದದ್ದು ನನಗೆ ಹಿಡಿಯಲೇ ಸಿಕ್ಕಿರಲಿಲ್ಲ. ಅಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ನಾಲ್ಕೈದು ಸಲ ಕೇಳಿರಬೇಕು, ಅರ್ಧ ಗಂಟೆ ಬಿಟ್ಟು ಕರೆ ಮಾಡಿದರು. ಮನೆಯ ಮಾತು ಮೊದಲ ಸಾಲಿಗೇ ಮುಗಿದಿತ್ತಂತೆ. ಆಮೇಲೆ ಅವರು ಹೇಳುತ್ತಿದ್ದದ್ದೆಲ್ಲ ಗುವೆಲ್‌ದು, ಬಾವಿಯದು: ಉಪ್ಪುನೀರು ನುಗ್ಗಿದೆ, ಪಕ್ಕದ ನಾಲ್ಕು ಮನೆಗೂ ಅದೇ ಬಾವಿ, ಕುಡಿಯಲು ನೀರು ಕಳಿಸಿ.

ವರದಿಯಲ್ಲಿ ನೀರಿನ ಮಾತೇ ಇರಲಿಲ್ಲ.